ಎರಡು ಹೊದಿಕೆಗಳ ನಡುವೆ

ಕಿರಿಯ: ಅಣ್ಣ, ಹಂಪಸಾಗರದ ತುಂಗಭದ್ರಾ ಹಿನ್ನೀರಿನಲ್ಲಿ ಬಲೆ ಬಿಡುವವನ ಮುಂದೆ ಈಗ ಎರಡು ದಾರಿಗಳಿವೆ. ಒಂದು ಬಿದಿರಿನ ಹರಿಗೋಲು. ಅದಕ್ಕೆ ಆಗಾಗ ಹಾಳೆ ಬದಲಾಯಿಸಬೇಕು, ಡಾಂಬರು ಬಳಿಯಬೇಕು, ದಬ್ಬೆ ಮುರಿದರೆ ಕಟ್ಟಬೇಕು. ಇನ್ನೊಂದು ಫೈಬರ್ ದೋಣಿ. ಫೈಬರಿಗೆ ಹುಳ ಬೀಳುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಒಮ್ಮೆ ಕೊಂಡರೆ ಮುಗಿಯಿತು ಎಂಬ ನಂಬಿಕೆ ಎಲ್ಲ ಕಡೆ ಇದೆ. ನೀವು ನೋಡಿದರೆ ಹೊರದೇಶಗಳ ಹಳೆಯ ಫೈಬರ್ ಹಾಯಿದೋಣಿಗಳ ಡೆಕ್ ಕಾಲಿಟ್ಟರೆ ತಗ್ಗುವಷ್ಟು ಕೊಳೆಯುತ್ತದೆ ಎನ್ನುತ್ತೀರಿ. ಗಾಜು ಮತ್ತು ರೆಸಿನ್ ಎಂಬ ರಾಳ ಸೇರಿ ಆದ ವಸ್ತು ಕೊಳೆಯುವುದು ಹೇಗೆ?

ಹಿರಿಯ: ಗಾಜಿನ ಎಳೆಯೂ ರೆಸಿನ್ನೂ ಕೊಳೆಯುವುದಿಲ್ಲ ತಮ್ಮ, ಆ ಮಾತು ಸರಿ. ಆದರೆ ದೋಣಿಯ ಎಲ್ಲ ಭಾಗವೂ ಅವೆರಡರಿಂದಲೇ ಆಗಿರುವುದಿಲ್ಲ. ಜನ ಓಡಾಡುವ ಮೇಲ್ಭಾಗ ಗಟ್ಟಿಯಾಗಿರಬೇಕು, ತುಂಬ ಭಾರವಾಗಿರಬಾರದು. ಹಲಗೆಯ ದಪ್ಪ ಎರಡು ಪಟ್ಟಾದರೆ ಅದು ಬಾಗದೆ ನಿಲ್ಲುವ ಶಕ್ತಿ ಸುಮಾರು 8 ಪಟ್ಟಾಗುತ್ತದೆ. ಆ ದಪ್ಪವನ್ನೆಲ್ಲ ಗಾಜು ಮತ್ತು ರೆಸಿನ್ನಿನಲ್ಲೇ ತುಂಬಿದರೆ ದೋಣಿಯ ಮೇಲ್ಭಾಗ ಭಾರವಾಗಿ ವಾಲಾಡುತ್ತದೆ, ಖರ್ಚೂ ಏರುತ್ತದೆ. ಅದಕ್ಕಾಗಿ ಮೇಲೊಂದು, ಕೆಳಗೊಂದು ತೆಳುವಾದ ಫೈಬರ್ ಪದರ ಇಟ್ಟು ನಡುವೆ ಹಗುರವಾದ ತಿರುಳನ್ನು ಅಂಟಿಸುವ ಕ್ರಮ ಬಂತು. ಈ ತಿರುಳು ಹೆಚ್ಚಾಗಿ ಬಾಲ್ಸಾ ಮರದ್ದು. ಈಕ್ವೆಡಾರಿನಿಂದ ಬರುವ ಆ ಮರ ಘನಮೀಟರಿಗೆ ಸುಮಾರು 150 ಕಿಲೋ ತೂಗುತ್ತದೆ, ನೀರಿನ ತೂಕದ ಸುಮಾರು ಏಳನೆಯ ಒಂದು ಭಾಗ. ಕೆಲವರು ಪ್ಲೈವುಡ್ ಹಾಕುತ್ತಾರೆ, ಕೆಲವರು ಫೋಮ್ ಹಾಕುತ್ತಾರೆ. ಅಮೆರಿಕದಲ್ಲಿ 1942ರ ಹೊತ್ತಿಗೆ ಮೊದಲ ಫೈಬರ್ ಹಾಯಿದೋಣಿ ಬಂತು. 1960ರ ಮೇಲೆ ಸಾವಿರಗಟ್ಟಲೆ ತಯಾರಾದವು. ಇವತ್ತು ಅಗ್ಗಕ್ಕೆ ಮಾರಾಟವಾಗುವುದು ಆ ದಶಕಗಳ ದೋಣಿಗಳೇ. ಹೊರಗಿನ ಫೈಬರ್ ಐವತ್ತು ವರ್ಷ ಕಳೆದರೂ ಗಟ್ಟಿಯಾಗಿರುತ್ತದೆ, ಒಳಗಿನ ಮರ ಮಾತ್ರ ಕಪ್ಪು ಹಿಟ್ಟಾಗಿರುತ್ತದೆ. ಕೊಳೆತದ್ದು ಏನೆಂದು ಕೇಳಿದರೆ ಮರ ಎಂದು ಹೇಳಬಹುದು. ಏಕೆ ಕೊಳೆಯಿತು ಎಂದು ಕೇಳಿದರೆ ಹೊದಿಕೆಯ ಕಡೆಗೇ ಬೆರಳು ತೋರಿಸಬೇಕಾಗುತ್ತದೆ.

ಕಿರಿಯ: ಇದು ವಿಚಿತ್ರವಾಗಿದೆ. ನೀರು ಒಳಗೆ ಬರಬಾರದೆಂದೇ ಹಾಕಿದ ಹೊದಿಕೆ ಅದು. ಅದರ ಮೇಲೇ ದೂರು ಹೊರಿಸುತ್ತೀರಲ್ಲ.

ಹಿರಿಯ: ಹೊದಿಕೆಯಲ್ಲಿ ತೂತೇ ಇಲ್ಲದಿದ್ದರೆ ದೂರು ನಿಲ್ಲುತ್ತಿರಲಿಲ್ಲ. ಆದರೆ ಡೆಕ್ಕಿನ ಮೇಲೆ ಹಗ್ಗ ಸುತ್ತುವ ಕೊಂಡಿ ಕೂರಿಸಬೇಕು, ಅಂಚಿನಲ್ಲಿ ಹಿಡಿದು ನಡೆಯುವ ಕಂಬಿಗಳನ್ನು ನಿಲ್ಲಿಸಬೇಕು, ಹಾಯಿಕಂಬವನ್ನು ಎಳೆದು ಹಿಡಿಯುವ ತಂತಿಗಳಿಗೆ ಉಕ್ಕಿನ ಪಟ್ಟಿ ಇಳಿಸಬೇಕು. ಒಂದೊಂದಕ್ಕೂ ಬೋಲ್ಟು ಬೇಕು, ಒಂದೊಂದು ಬೋಲ್ಟೂ ಮೇಲಿನ ಪದರ, ತಿರುಳು, ಕೆಳಗಿನ ಪದರ ಮೂರನ್ನೂ ತೂರಿಕೊಂಡು ಹೋಗುತ್ತದೆ. ಕೂರಿಸುವಾಗ ಸುತ್ತ ಅಂಟು ತುಂಬುತ್ತಾರೆ, ಅದು ಕೆಲವು ವರ್ಷ ನೀರು ತಡೆಯುತ್ತದೆ. ಆಮೇಲೆ ಕಂಬಿಗೆ ಜನ ಒರಗುವುದು, ಹಗ್ಗ ಜಗ್ಗುವುದು, ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವುದು ಎಲ್ಲ ಸೇರಿ ಆ ಅಂಟು ಕೂದಲೆಳೆಯಷ್ಟು ಬಿಡುತ್ತದೆ. ಮಳೆ ಬಂದಾಗ ಒಂದೊಂದು ಹನಿ ಇಳಿಯುತ್ತದೆ. ಇಳಿದ ಹನಿ ಮೇಲೆ ಬರಲು ಅದೇ ಕೂದಲೆಳೆಯ ದಾರಿ ಬಿಟ್ಟರೆ ಬೇರೆ ಇಲ್ಲ, ಕೆಳಗಂತೂ ಇನ್ನೊಂದು ಫೈಬರ್ ಪದರ ಇದೆ. ಮರದ ತೇವಾಂಶ ಅದರ ಒಣ ತೂಕದ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯಲಾರದು. 30ರ ಹತ್ತಿರ ಬಂದರೆ ಮರದ ಎಳೆಗಳು ನೀರುಂಡು ತಣಿದಿರುತ್ತವೆ, ಶಿಲೀಂಧ್ರಕ್ಕೆ ಅಷ್ಟು ಸಾಕು. ಪೂರ್ತಿ ಮುಳುಗಿದ ಮರದಲ್ಲಿ ಗಾಳಿ ಇಲ್ಲದ ಕಾರಣ ಕೊಳೆತ ನಿಧಾನ; ಪೂರ್ತಿ ಒಣಗಿದ ಮರದಲ್ಲಿ ನೀರಿಲ್ಲದ ಕಾರಣ ಕೊಳೆತವೇ ಇಲ್ಲ. ಎರಡು ಪದರಗಳ ನಡುವಿನ ತಿರುಳಿಗೆ ಮಾತ್ರ ಗಾಳಿಯೂ ಇಷ್ಟಿಷ್ಟು, ನೀರೂ ಇಷ್ಟಿಷ್ಟು ಸಿಗುತ್ತಲೇ ಇರುತ್ತದೆ. ಕೊಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಕಿರಿಯ: ಬಿದಿರಿನ ಹರಿಗೋಲೂ ಹಾಗೇ ಅಲ್ಲವೇ? ಅದಕ್ಕೂ ಪ್ಲಾಸ್ಟಿಕ್ ಹಾಳೆ, ಡಾಂಬರಿನ ಹೊದಿಕೆ ಇರುತ್ತದೆ, ಒಳಗೆ ಬಿದಿರು ಇರುತ್ತದೆ. ಅದು ಹೆಚ್ಚು ಬೇಗ ಕೊಳೆಯಬೇಕು.

ಹಿರಿಯ: ಹರಿಗೋಲಿಗೆ ಹೊದಿಕೆ ಇರುವುದು ಒಂದೇ ಮಗ್ಗುಲಲ್ಲಿ, ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆಯೇ. ನೀರಿನ ಕಡೆ ಹಾಳೆ, ಮನುಷ್ಯ ಕೂರುವ ಕಡೆ ಬರಿ ದಬ್ಬೆಯ ಹೆಣಿಗೆ. ಹಾಳೆಯಲ್ಲಿ ಮುಳ್ಳು ಚುಚ್ಚಿ ನೀರು ಬಂದರೆ ಅದು ಕಾಲಿಗೇ ತಾಕುತ್ತದೆ, ತೂತು ಎಲ್ಲಿದೆ ಎಂದು ಹುಡುಕಬೇಕಿಲ್ಲ. ಕೆಲಸ ಮುಗಿದ ಮೇಲೆ ದಂಡೆಗೆ ಎಳೆದು ಬೋರಲು ಹಾಕುತ್ತಾರೆ, ಒಳಗಿನ ನೀರು ಸುರಿದುಹೋಗಿ ದಬ್ಬೆ ಆರುತ್ತದೆ. ಹೊದಿಕೆ ಹರಿದರೆ ಹೊದಿಕೆ ಬದಲು, ದಬ್ಬೆ ಮುರಿದರೆ ದಬ್ಬೆ ಬದಲು. ಒಂದಕ್ಕಾಗಿ ಇನ್ನೊಂದನ್ನು ಕೆಡಿಸಬೇಕಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆನೆಗೊಂದಿಯ ಕಡೆ ಹೊಳೆ ದಾಟಿಸುತ್ತಿದ್ದ ಬುಟ್ಟಿಯಂಥ ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುವಷ್ಟು ದೊಡ್ಡವು, ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು ಎನ್ನುತ್ತಾನೆ. ನೆಟ್ಟಗೆ ಹೋಗದೆ ಗಿರ್ರನೆ ತಿರುಗುವುದನ್ನೂ ಗಮನಿಸಿದ್ದಾನೆ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಹೆರೊಡೋಟಸ್ ಯೂಫ್ರೆಟಿಸ್ ನದಿಯ ದುಂಡು ತೊಗಲು ದೋಣಿಗಳ ಬಗ್ಗೆ ಬರೆದದ್ದು ಇನ್ನೂ ಸೊಗಸು. ಬ್ಯಾಬಿಲೋನಿನಲ್ಲಿ ಸರಕು ಇಳಿಸಿದ ಮೇಲೆ ವ್ಯಾಪಾರಿಗಳು ದೋಣಿಯ ಹಂದರವನ್ನು ಅಲ್ಲೇ ಮಾರಿ, ತೊಗಲನ್ನು ಬಿಚ್ಚಿ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ಪ್ರವಾಹದ ಎದುರು ದೋಣಿ ಏರಲಾರದು, ಅದಕ್ಕೆ ಈ ಏರ್ಪಾಡು. ಹೊದಿಕೆಯನ್ನೂ ಹಂದರವನ್ನೂ ಬೇರ್ಪಡಿಸಲು ಬರುತ್ತಿದ್ದುದರಿಂದಲೇ ಆ ವ್ಯಾಪಾರ ನಡೆಯಿತು. ಫೈಬರ್ ಡೆಕ್ ಮಾಡಿದವರು ಇದನ್ನೇ ಬಿಟ್ಟುಕೊಟ್ಟರು. ಹೊದಿಕೆಯನ್ನೂ ತಿರುಳನ್ನೂ ಬಿಡಿಸಲಾಗದಂತೆ ಅಂಟಿಸಿದರು, ಅದೂ ಎರಡೂ ಮಗ್ಗುಲಲ್ಲಿ.

ಕಿರಿಯ: ಬೇಕೆಂದೇ ಅಂಟಿಸಿದ್ದಾರಲ್ಲ. ಎರಡು ಪದರ ಇಲ್ಲದೆ ಗಟ್ಟಿತನ ಬರುವುದಿಲ್ಲ ಎಂದು ನೀವೇ ಹೇಳಿದಿರಿ. ಹಾಗಾದರೆ ಮರವನ್ನು ಫೈಬರಿನೊಳಗೆ ಇಡುವುದೇ ತಪ್ಪು ಎನ್ನುತ್ತೀರಾ?

ಹಿರಿಯ: ಹಾಗೆ ಹೇಳಿದರೆ ಮಾಂಡೋವಿ ನದಿಯ ದಿವಾರ್ ದ್ವೀಪದಲ್ಲಿ ಕಟ್ಟಿದ ದೋಣಿಯೊಂದು ನನ್ನ ಬಾಯಿ ಮುಚ್ಚಿಸುತ್ತದೆ. ಭಾರತೀಯ ನೌಕಾಪಡೆಯ ಆ ದೋಣಿಯ ಹೆಸರು ಮ್ಹಾದೇಯಿ; ಮರದ ತಿರುಳು, ಫೈಬರ್ ಹೊದಿಕೆಯ ಹಾಯಿದೋಣಿ. 2009ರಲ್ಲಿ ನೌಕಾಪಡೆಯ ಕೈಗೆ ಬಂತು. ಅದೇ ವರ್ಷ ಆಗಸ್ಟ್‌ನಿಂದ 2010ರ ಮೇವರೆಗೆ ದಿಲೀಪ್ ದೋಂದೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿದರು. 2012-13ರಲ್ಲಿ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ ಎಲ್ಲೂ ನಿಲ್ಲದೆ ಸುತ್ತಿ ಬಂದರು. ದಕ್ಷಿಣ ಸಾಗರದ ಅಲೆಗಳನ್ನು ತಡೆದ ಆ ದೋಣಿಯಲ್ಲಿ ಮರ ಇದೆ. ಆದ್ದರಿಂದ ಮರ ಇಡುವುದು ತಪ್ಪಲ್ಲ; ಇಟ್ಟ ಮೇಲೆ ತೂತುಗಳನ್ನು ಹೇಗೆ ನೋಡಿಕೊಂಡೆವು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಅಗ್ಗದ ರಬ್ಬರ್ ಮರದಿಂದ ಮೀನುದೋಣಿ ಕಟ್ಟುವ ಪ್ರಯೋಗ ಮಾಡಿದರು. ರಬ್ಬರ್ ಮರ ಹಾಗೇ ಬಿಟ್ಟರೆ ಬಹಳ ಬೇಗ ಕೆಡುತ್ತದೆ. ಅವರು ಅದರ ಮೇಲೆ ಫೈಬರ್ ಬಳಿದು ಕೈ ತೊಳೆದುಕೊಳ್ಳಲಿಲ್ಲ. ಮೊದಲು ಮರಕ್ಕೆ ಸಂರಕ್ಷಕ ರಾಸಾಯನಿಕಗಳನ್ನು ಕುಡಿಸಿದರು, ಹೊದಿಕೆಯ ಮಾತು ಆಮೇಲೆ. ಹೊದಿಕೆಯನ್ನಷ್ಟೇ ನಂಬಲಿಲ್ಲ. ಕಡಲ ಕಡೆ ಮರದ ದೋಣಿಗೆ ಹೊದಿಕೆ ಬೇಕಾಗುವುದಕ್ಕೆ ಇನ್ನೊಂದು ಕಾರಣವಿದೆ, ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳಗಳಿವೆ. ತುಂಗಭದ್ರೆಯ ಸಿಹಿನೀರಿನಲ್ಲಿ ಅವು ಇಲ್ಲ. ಆದರೆ ಉಪ್ಪು ಶಿಲೀಂಧ್ರವನ್ನು ಒಂದಷ್ಟು ತಡೆಯುತ್ತದೆ. ಹಳೆಯ ಕಾಲದ ಮರದ ಹಡಗುಗಳಲ್ಲಿ ಪಕ್ಕೆಲುಬುಗಳ ನಡುವೆ ಉಪ್ಪು ತುಂಬುತ್ತಿದ್ದದ್ದು ಇದೇ ಕಾರಣಕ್ಕೆ. ಆ ಕಾವಲು ಸಿಹಿನೀರಿಗಿಲ್ಲ. ಹಾಯಿದೋಣಿ ಕಡಲಲ್ಲೇ ಇದ್ದರೂ ಅದರ ಡೆಕ್ ಕೊಳೆಯುವುದು ಹೆಚ್ಚಾಗಿ ಮಳೆನೀರಿನಿಂದ. ಮಂಗಳೂರಿನಲ್ಲಿ ಉಪಯೋಗಕ್ಕೆ ಬಂದ ಬುದ್ಧಿಯನ್ನು ಹಾಗೇ ಹಂಪಸಾಗರಕ್ಕೆ ತಂದರೆ ಅರ್ಧ ಮಾತ್ರ ಹೊಂದುತ್ತದೆ.

ಕಿರಿಯ: ಸರಿ, ಕೊಳೆತದ್ದು ಕೊಳೆತಾಯಿತು. ಮೇಲೆ ಇನ್ನೆರಡು ಪದರ ಗಾಜಿನೆಳೆಯ ಮ್ಯಾಟ್ ಹಾಕಿ ರೆಸಿನ್ ಎಳೆದರೆ ಗಟ್ಟಿಯಾಗುವುದಿಲ್ಲವೇ? ಬಹಳ ಜನ ಅದನ್ನೇ ಮಾಡುವುದು.

ಹಿರಿಯ: ನಮ್ಮ ಕಡೆಯ ಮಣ್ಣಿನ ಮಾಳಿಗೆಯನ್ನು ನೆನಪಿಸಿಕೋ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿ ತುಳಿಸುತ್ತಿದ್ದಷ್ಟು ದಿನ ಕೆಳಗಿನ ಜಂತಿಗಳು ತಲೆಮಾರುಗಟ್ಟಲೆ ಬಾಳಿದವು. ಸೋರಿದರೂ ಬಿಸಿಲಿಗೆ ಆರುತ್ತಿತ್ತು. ತೇವ ಇರುವಾಗಲೇ ಮೇಲೆ ಸಿಮೆಂಟು ಸುರಿದ ಮನೆಗಳಲ್ಲಿ ಸೋರುವುದು ನಿಂತಂತೆ ಕಂಡಿತು, ಜಂತಿಯ ತುದಿಗಳು ಗೋಡೆಯೊಳಗೇ ಕೊಳೆತವು. ಡೆಕ್ಕಿನ ಮೇಲೆ ಹೊಸ ಪದರ ಎಳೆಯುವುದೂ ಅದೇ ಕೆಲಸ. ಕಾಲಿಗೆ ಗಟ್ಟಿ ಅನ್ನಿಸುತ್ತದೆ, ಆದರೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಭಾರ ಹಂಚುವ ತಿರುಳೇ ಇಲ್ಲ. ಅಂದರೆ ದಪ್ಪದ ಲಾಭ ಹೋಗಿ ತೂಕ ಮಾತ್ರ ಸೇರಿತು. ಇನ್ನು ಕೆಲವರು ಒಂದಿಷ್ಟು ತೂತು ಕೊರೆದು ತೆಳ್ಳನೆಯ ಎಪಾಕ್ಸಿ ರೆಸಿನ್ನನ್ನು ಸಿರಿಂಜಿನಿಂದ ಒಳಗೆ ಬಿಡುತ್ತಾರೆ, ಅದು ಕೊಳೆತ ಮರದಲ್ಲಿ ಇಂಗಿ ಕಲ್ಲಾಗುತ್ತದೆ ಎಂಬ ಆಸೆಯಿಂದ. ಮರದ ಸಂದುಗಳಲ್ಲಿ ಆಗಲೇ ನೀರು ಕೂತಿದೆ. ನೀರನ್ನು ತಳ್ಳಿ ಆ ಜಾಗಕ್ಕೆ ಹೋಗುವ ಶಕ್ತಿ ಎಪಾಕ್ಸಿಗಿಲ್ಲ, ಒದ್ದೆ ಮರಕ್ಕೆ ಅದು ಸರಿಯಾಗಿ ಅಂಟುವುದೂ ಇಲ್ಲ. ತೂತಿನ ಬಾಯಲ್ಲಿ ಒಂದು ಗಟ್ಟಿ ಗುಂಡು ಆಗುತ್ತದೆ, ಅಂಗುಲದಾಚೆ ಮತ್ತದೇ ಕೆಸರು.

ಕಿರಿಯ: ಹಾಗಾದರೆ ಮೊದಲು ಒಣಗಿಸಿದರಾಯಿತು. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿಗೆ ಒಣಗದ್ದು ಏನಿದೆ? ತೂತುಗಳನ್ನು ತೆರೆದಿಟ್ಟು ಎರಡು ತಿಂಗಳು ದಂಡೆಯ ಮೇಲೆ ಬಿಡಲಿ.

ಹಿರಿಯ: ಒದ್ದೆಯಾಗಿದೆ, ಇನ್ನೂ ಕೊಳೆತಿಲ್ಲ ಅನ್ನುವ ಹಂತದಲ್ಲಿ ಈ ಮಾತಿಗೆ ಬೆಲೆ ಇದೆ. ಆದರೆ ಆಗಲೂ ನೀನು ತಿಳಿದಷ್ಟು ಬೇಗ ಆಗುವುದಿಲ್ಲ. ಬಾಲ್ಸಾವನ್ನು ಎಳೆ ನೆಟ್ಟಗೆ ನಿಲ್ಲುವಂತೆ ಕತ್ತರಿಸಿ ಹಾಕಿರುತ್ತಾರೆ. ನೀರು ಆ ಎಳೆಯ ಉದ್ದಕ್ಕೆ ಮೇಲೆ ಕೆಳಗೆ ಸುಲಭವಾಗಿ ಓಡುತ್ತದೆ, ಆದರೆ ಮೇಲೂ ಕೆಳಗೂ ಫೈಬರ್. ಅಡ್ಡಕ್ಕೆ ಹರಿದು ತೂತಿನವರೆಗೆ ಬರುವುದು ಬಹಳ ನಿಧಾನ. ಒಣಗಿತು ಎಂದೇ ಇಟ್ಟುಕೊಳ್ಳೋಣ. ಶಿಲೀಂಧ್ರ ತಿಂದ ಮರಕ್ಕೆ ಹೋದ ಶಕ್ತಿ ಮರಳಿ ಬರುವುದಿಲ್ಲ, ಒಣಗಿದ ಶಿಲೀಂಧ್ರವೂ ಸತ್ತಿರುತ್ತದೆ ಎನ್ನುವಂತಿಲ್ಲ, ಮತ್ತೆ ನೀರು ಸಿಕ್ಕರೆ ಮತ್ತೆ ಚಿಗುರುತ್ತದೆ. ಆದ್ದರಿಂದ ತೆರೆಯದೆ ದುರಸ್ತಿ ಇಲ್ಲ ಎಂದು ನಾನು ಹೇಳುವುದು. ಎಷ್ಟು ತೆರೆಯಬೇಕು ಎಂದು ಗೊತ್ತಾಗಲು ಕುಟ್ಟಿ ನೋಡಬೇಕು. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಅಂಗೈ ಅಗಲದ ಅಂತರದಲ್ಲಿ ಕುಟ್ಟುತ್ತ ಹೋದರೆ ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ, ಕೆಟ್ಟ ಜಾಗದಲ್ಲಿ ದಬ್ ಎನ್ನುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳಬೇಕು. ತೇವ ಅಳೆಯುವ ಮೀಟರು ಸಹಾಯ ಮಾಡುತ್ತದೆ, ಆದರೆ ಕೆಳಗೆ ಲೋಹದ ತಗಡಿದ್ದರೆ ಅದು ಸುಳ್ಳು ಹೇಳುತ್ತದೆ. ಅನುಮಾನ ಇದ್ದ ಕಡೆ ಒಳಗಿನ ಮಗ್ಗುಲಿನಿಂದ ಸಣ್ಣ ತೂತು ಕೊರೆದು ಬರುವ ಪುಡಿಯನ್ನು ನೋಡುವುದು ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಬಿಳಿ ಒಣ ಪುಡಿ ಬಂದರೆ ಸರಿ, ಕಂದು ಕೆಸರು ಬಂದರೆ ಗೆರೆಯನ್ನು ಇನ್ನಷ್ಟು ದೂರಕ್ಕೆ ಸರಿಸಬೇಕು. ಕೊಳೆತ ಜಾಗ ಒಂದು ಕಡೆ ಇದ್ದು ನೀರು ಬಂದ ಬೋಲ್ಟು ಮಾರುದೂರದಲ್ಲಿ ಇರಬಹುದು. ಇಳಿಜಾರಿನ ಮೇಲ್ಗಡೆಗೆ ಹುಡುಕುತ್ತ ಹೋಗಬೇಕು.

ಕಿರಿಯ: ಆಮೇಲೆ ಗ್ರೈಂಡರ್ ಇಟ್ಟು ಕೊಯ್ಯುವುದು. ಇಡೀ ಡೆಕ್ಕನ್ನು ಕೊಯ್ದರೆ ದೋಣಿಯೇ ಬಲ ಕಳೆದುಕೊಳ್ಳುವುದಿಲ್ಲವೇ?

ಹಿರಿಯ: ಕೊಯ್ಯುವುದು ಮೇಲಿನ ಪದರವನ್ನು ಮಾತ್ರ, ಅದೂ ಗರಗಸದ ಆಳವನ್ನು ಆ ಪದರದ ದಪ್ಪಕ್ಕೆ ಸರಿಯಾಗಿ ಕಟ್ಟಿ. ಕೆಳಗಿನ ಪದರ ಹಾಗೇ ಉಳಿದು ದೋಣಿಯ ಆಕಾರ ಹಿಡಿದಿರುತ್ತದೆ. ಕೆಳಗಿನಿಂದ ಕೊಯ್ದರೆ ಮೇಲಿನ ಅಂದ ಉಳಿಯುತ್ತದೆ ಎಂದು ಕೆಲವರು ವಾದಿಸುತ್ತಾರೆ. ತಲೆಯ ಮೇಲೆ ರೆಸಿನ್ ಸುರಿಸಿಕೊಂಡು, ಇಕ್ಕಟ್ಟಿನಲ್ಲಿ ಹೊಗೆ ಕುಡಿಯುತ್ತ, ಭೂಮಿಯ ಸೆಳೆತದ ಎದುರು ಮಾಡುವ ಆ ಕೆಲಸದಲ್ಲಿ ಅಂಟು ಎಲ್ಲ ಕಡೆ ಸಮನಾಗಿ ಕೂರುವುದು ಕಷ್ಟ. ನಾನಂತೂ ಮೇಲಿನಿಂದಲೇ ಎನ್ನುತ್ತೇನೆ. ಪದರವನ್ನು ಎಬ್ಬಿಸಿ ಎತ್ತಿಟ್ಟು, ಕೊಳೆತ ತಿರುಳನ್ನು ಉಳಿಯಿಂದ ಕೆರೆದು, ಒಣ ಗಟ್ಟಿ ಮರ ಸಿಗುವವರೆಗೆ ಹೋಗಬೇಕು. ಇಲ್ಲಿ ಕೈ ಬಿಗಿ ಹಿಡಿದವರೇ ಎರಡು ವರ್ಷದ ಮೇಲೆ ಅದೇ ಜಾಗವನ್ನು ಮತ್ತೆ ಕೊಯ್ಯುವುದು. ಕೆಳಪದರ ಪೂರ್ತಿ ಆರಿದ ಮೇಲೆ ಅದನ್ನು ಉಜ್ಜಿ ಒರಟು ಮಾಡಿ, ಹೊಸ ತಿರುಳಿನ ಎರಡೂ ಮುಖಕ್ಕೆ ಎಪಾಕ್ಸಿ ಹಚ್ಚಿ, ದಪ್ಪ ಮಾಡಿದ ಎಪಾಕ್ಸಿಯ ಹಾಸಿಗೆಯ ಮೇಲೆ ಗಾಳಿಗುಳ್ಳೆ ಉಳಿಯದಂತೆ ಒತ್ತಿ ಕೂರಿಸಬೇಕು. ಎತ್ತಿಟ್ಟ ಪದರ ಚೆನ್ನಾಗಿದ್ದರೆ ಅದನ್ನೇ ಮರಳಿ ಅಂಟಿಸಬಹುದು. ನಿನ್ನ ಬಲದ ಪ್ರಶ್ನೆಗೆ ಉತ್ತರ ಇರುವುದು ಕೊಯ್ದ ಗೆರೆಯಲ್ಲಿ. ಗೆರೆಯ ಎರಡೂ ಕಡೆ ಪದರವನ್ನು ಅದರ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ಪದರ 4 ಮಿಲಿಮೀಟರ್ ಇದ್ದರೆ ಇಳಿಜಾರು ಹತ್ತಿರ ಹತ್ತಿರ 5 ಸೆಂಟಿಮೀಟರ್. ಆ ತಗ್ಗಿನಲ್ಲಿ ಗಾಜಿನ ಬಟ್ಟೆಯನ್ನು ಪದರ ಪದರವಾಗಿ ತುಂಬಿದರೆ ಹೊಸದು ಹಳೆಯದರ ಮೇಲೆ ಅಷ್ಟಗಲ ಹಿಡಿದುಕೊಳ್ಳುತ್ತದೆ. ಗೆರೆಗೆ ಬರಿ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಮೊದಲ ಬಿಸಿಲಿಗೇ ಬಿರುಕು ಕಾಣುತ್ತದೆ.

ಕಿರಿಯ: ಎಪಾಕ್ಸಿ ಎಪಾಕ್ಸಿ ಎನ್ನುತ್ತೀರಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಪಾಲಿಯೆಸ್ಟರ್ ರೆಸಿನ್, ಬೆಲೆಯೂ ಕಡಿಮೆ. ದೋಣಿ ಮೂಲದಲ್ಲಿ ಆದದ್ದೂ ಅದರಿಂದಲೇ.

ಹಿರಿಯ: ಹೊಸ ದೋಣಿ ಅಚ್ಚಿನಲ್ಲಿ ಆಗುವಾಗ ಒಂದು ಪದರ ಹಸಿಯಿರುವಾಗಲೇ ಇನ್ನೊಂದು ಬೀಳುತ್ತದೆ, ಎರಡೂ ಬೆಸೆದು ಒಂದಾಗುತ್ತವೆ. ಗಟ್ಟಿಯಾಗಿ ದಶಕಗಳಾದ ಪದರದ ಮೇಲೆ ಹಾಕುವಾಗ ಆ ಬೆಸುಗೆ ಇಲ್ಲ, ಅಂಟಿನ ಹಿಡಿತವಷ್ಟೇ ಗತಿ. ಹಿಡಿತದಲ್ಲಿ ಎಪಾಕ್ಸಿಯೇ ಮೇಲು, ಮರದ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಮೂರು ರೂಪಾಯಿ ಉಳಿಸಲು ಹೋಗಿ ಮೂವತ್ತರ ಕೂಲಿ ಕಳೆದುಕೊಳ್ಳಬಾರದು. ಪಾಲಿಯೆಸ್ಟರಿನ ಕೆಲಸ ಮಾಡುವವರಿಗೆ ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ ಹೇಳಬೇಕು. ಅದು ಗಟ್ಟಿಯಾಗಲೆಂದು ಬೆರೆಸುವ ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿನಲ್ಲಿ ಪೂರ್ತಿ ಕರಗಬೇಕು, ಕ್ಯಾಟಲಿಸ್ಟ್ ಆಮೇಲೆ. ಗಾಜಿನ ಧೂಳಿಗೆ ಮುಖಗವಸು ಇಲ್ಲದೆ ಗ್ರೈಂಡರ್ ಹಿಡಿಯುವುದು ಧೈರ್ಯ ಅಲ್ಲ, ದಡ್ಡತನ.

ಕಿರಿಯ: ಇಷ್ಟೆಲ್ಲ ಮಾಡುವ ಬದಲು ತಿರುಳಿಗೆ ಫೋಮ್ ಹಾಕಿದರೆ ಮರದ ಕಾಟವೇ ಇಲ್ಲವಲ್ಲ. ಫೋಮ್ ಕೊಳೆಯುವುದಿಲ್ಲ.

ಹಿರಿಯ: ಕೊಳೆಯುವುದಿಲ್ಲ, ಒಪ್ಪಿದೆ. ಆದರೆ ತೂತಿನಿಂದ ನೀರು ಆಗಲೂ ಇಳಿಯುತ್ತದೆ, ಪದರಕ್ಕೂ ಫೋಮಿಗೂ ನಡುವಿನ ಅಂಟನ್ನು ನಿಧಾನವಾಗಿ ಬಿಡಿಸುತ್ತದೆ. ಪದರ ತಿರುಳಿನಿಂದ ಬಿಟ್ಟಿತೆಂದರೆ ತಿರುಳು ಗಟ್ಟಿಯಾಗಿದ್ದೂ ಡೆಕ್ ಮೆತ್ತಗಾಗುತ್ತದೆ. ಬೋಲ್ಟು ಬಿಗಿಯುವಾಗ ಫೋಮ್ ಅಮುಕಿಹೋಗುವುದು ಬೇರೆ. ಹೀಗಾಗಿ ತಿರುಳು ಯಾವುದಾದರೂ ಇರಲಿ, ನಿಜವಾದ ದುರಸ್ತಿ ತೂತಿನದ್ದು. ಬೋಲ್ಟಿಗೆ 8 ಮಿಲಿಮೀಟರ್ ತೂತು ಬೇಕಿದ್ದರೆ ಮೇಲಿನಿಂದ ಅದಕ್ಕಿಂತ ಎರಡು ಪಟ್ಟು ಅಗಲಕ್ಕೆ ಕೊರೆದು, ಸುತ್ತಲಿನ ತಿರುಳನ್ನು ಬಾಗಿಸಿದ ಮೊಳೆಯಿಂದ ಇನ್ನಷ್ಟು ಕೆರೆದು ತೆಗೆದು, ತಳಕ್ಕೆ ಟೇಪು ಹಚ್ಚಿ, ಆ ಗುಳಿಗೆ ದಪ್ಪ ಎಪಾಕ್ಸಿ ತುಂಬಬೇಕು. ಅದು ಕಲ್ಲಾದ ಮೇಲೆ ಅದರ ನಟ್ಟನಡುವೆ 8 ಮಿಲಿಮೀಟರಿನ ತೂತು. ಈಗ ಬೋಲ್ಟು ಹಾದುಹೋಗುವುದು ಎಪಾಕ್ಸಿಯ ಕೊಳವೆಯಲ್ಲಿ, ತಿರುಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೇಲಿನ ಅಂಟು ಮುಂದೆ ಬಿಟ್ಟರೆ ನೀರು ನೇರ ಕೆಳಗೆ ತೊಟ್ಟಿಕ್ಕುತ್ತದೆ, ಒಳಗೆ ಕೂತವರ ತಲೆಗೆ ಬೀಳುತ್ತದೆ, ತಕ್ಷಣ ಗೊತ್ತಾಗುತ್ತದೆ. ಹರಿಗೋಲಿನಲ್ಲಿ ಕಾಲಿಗೆ ನೀರು ತಾಕಿ ತೂತು ಗೊತ್ತಾಗುತ್ತಿತ್ತಲ್ಲ, ಆ ಗುಣವನ್ನು ಫೈಬರ್ ದೋಣಿಗೆ ಕೊಡುವುದು ಈ ಕೊಳವೆ. ಮೊದಲ ದಿನವೇ ಕಾರ್ಖಾನೆಯಲ್ಲಿ ಹೀಗೆ ಮಾಡಿದ್ದರೆ ಆ ಹಳೆಯ ಡೆಕ್ಕುಗಳಲ್ಲಿ ಬಹುಪಾಲು ಇವತ್ತಿಗೂ ಗಟ್ಟಿಯಾಗಿರುತ್ತಿದ್ದವು. ಒಂದೊಂದು ತೂತಿಗೆ ಒಂದಿಷ್ಟು ಹೊತ್ತು ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ.

ಕಿರಿಯ: ನಮ್ಮ ದಂಡೆಗೆ ಇದರಿಂದ ಏನು ಸಿಕ್ಕಿತು ಅಣ್ಣ? ಇಲ್ಲಿ ಹಾಯಿದೋಣಿ ಯಾರ ಬಳಿ ಇದೆ? ಫೈಬರ್ ಹರಿಗೋಲಿನಲ್ಲಿ ತಿರುಳೇ ಇರುವುದಿಲ್ಲವಲ್ಲ.

ಹಿರಿಯ: ಒಂದೇ ಪದರದ ಫೈಬರ್ ಹರಿಗೋಲು ಕೊಂಡವನಿಗೆ ಈ ತಲೆನೋವಿಲ್ಲ, ನಿಜ. ಒಡೆದರೆ ಒಡೆದದ್ದು ಕಾಣುತ್ತದೆ, ಒಳಮಗ್ಗುಲು ತೆರೆದೇ ಇದೆ. ನನ್ನ ಲೆಕ್ಕಕ್ಕೆ ಅದೂ ಬಿದಿರಿನ ಹರಿಗೋಲಿನ ಜಾತಿಯೇ. ಅಪಾಯ ಇರುವುದು ಇಂಜಿನ್ ಕಟ್ಟುವ ಫೈಬರ್ ದೋಣಿಗಳಲ್ಲಿ. ಇಂಜಿನ್ ತೂಗುವ ಹಿಂಬದಿಯ ಗೋಡೆಗೆ ಬಲ ಬರಲೆಂದು ಸಾಮಾನ್ಯವಾಗಿ ಒಳಗೆ ಪ್ಲೈವುಡ್ ಇಟ್ಟು ಎರಡೂ ಕಡೆ ಫೈಬರ್ ಮುಚ್ಚಿರುತ್ತಾರೆ. ಇಂಜಿನ್ನಿನ ಬೋಲ್ಟು ಅದನ್ನೇ ತೂರುತ್ತದೆ, ಅದೂ ನೀರಿನ ಮಟ್ಟಕ್ಕೆ ಹತ್ತಿರ, ಸದಾ ಅದುರುತ್ತಿರುವ ಜಾಗದಲ್ಲಿ. ಕೂರುವ ಹಲಗೆಯ ಕೆಳಗೆ, ನೆಲದ ಪಟ್ಟಿಗಳಲ್ಲೂ ಮರ ಅಡಗಿರಬಹುದು. ಹಳೆಯ ದೋಣಿ ಕೊಳ್ಳುವವನು ಬಣ್ಣ ನೋಡಬಾರದು. ಇಂಜಿನ್ ಹಿಡಿದು ಮೇಲೆ ಕೆಳಗೆ ಒತ್ತಿದಾಗ ಹಿಂಬದಿ ಬಾಗುತ್ತದೆಯೇ, ಬೋಲ್ಟಿನ ಕೆಳಗೆ ಕಂದು ಗೆರೆ ಇಳಿದಿದೆಯೇ ಎಂದು ನೋಡಬೇಕು, ಕುಟ್ಟಿ ಕೇಳಬೇಕು. ಹಾಯಿದೋಣಿಯಲ್ಲಾದರೆ ಹಾಯಿಕಂಬ ನಿಲ್ಲುವ ಜಾಗ, ತಂತಿ ಎಳೆಯುವ ಪಟ್ಟಿಯ ಜಾಗ ಎರಡೂ ಕೊಳೆತು ಡೆಕ್ಕಿನ ಅರ್ಧಕ್ಕಿಂತ ಹೆಚ್ಚು ದಬ್ ಎಂದರೆ, ಆ ದೋಣಿಯನ್ನು ಬಿಡುವುದೇ ಲೇಸು. ಕೂಲಿ ಮತ್ತು ಎಪಾಕ್ಸಿಯ ಖರ್ಚು ದೋಣಿಯ ಬೆಲೆಯನ್ನು ದಾಟುತ್ತದೆ. ಹಿಂಬದಿಯೊಂದೇ ಕೆಟ್ಟ ಮೀನುದೋಣಿಯನ್ನು ಬಿಡುವ ಅಗತ್ಯವಿಲ್ಲ.

ಕಿರಿಯ: ಆ ಕೆಲಸಕ್ಕೆ ಯಾವ ಹೊತ್ತು ಒಳ್ಳೆಯದು?

ಹಿರಿಯ: ಪೂರ್ತಿ ತುಂಬಿದಾಗ 1633 ಅಡಿ ಮಟ್ಟ ತಲುಪುವ ತುಂಗಭದ್ರಾ ಜಲಾಶಯ ಬೇಸಿಗೆಗೆ ಹಿಂದೆ ಸರಿದು, ದೋಣಿಗಳು ಹೇಗೂ ದಂಡೆ ಸೇರುವ ಮಾರ್ಚ್‌ನಿಂದ ಮೇ. ತೆರೆದಿಟ್ಟ ಭಾಗ ಒಣಗಲು ಆ ಬಿಸಿಲು ವರ, ಎಪಾಕ್ಸಿ ಕಲಸಲು ಅದೇ ಬಿಸಿಲು ಶತ್ರು. ಶಾಖ 10 ಡಿಗ್ರಿ ಏರಿದರೆ ಅದು ಗಟ್ಟಿಯಾಗುವ ಹೊತ್ತು ಸುಮಾರು ಅರ್ಧಕ್ಕಿಳಿಯುತ್ತದೆ. 25 ಡಿಗ್ರಿಯಲ್ಲಿ ಅರ್ಧ ಗಂಟೆ ಕೈಗೆ ಸಿಗುವ ಎಪಾಕ್ಸಿ 40 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೆ ಡಬ್ಬಿಯಲ್ಲೇ ಹೊಗೆಯಾಡುತ್ತದೆ. ಕೊಯ್ಯುವುದು, ಕೆರೆಯುವುದು ಹಗಲು ಮಾಡು, ಅಂಟಿಸುವುದು ಬೆಳಗಿನ ಜಾವ. ಸಣ್ಣ ಸಣ್ಣ ಪಾಲು ಕಲಸಿ ಅಗಲವಾದ ತಟ್ಟೆಗೆ ಸುರಿದುಕೊ, ಲೋಟದಲ್ಲಿ ಇಡಬೇಡ. ಮುಂಗಾರಿನ ಮೊದಲ ಮಳೆಗೆ ಮುಂಚೆ ಬೋಲ್ಟುಗಳು ಕೂತಿರಲಿ.